ಬಯೋಸ್ ನಂಬರ್ ತಾಳೆಯಾದರೆ ಲ್ಯಾಪ್‌ಟಾಪ್ ಕಳ್ಳಮಾಲಲ್ಲ ಎಂದರ್ಥವೇ?

“ಬಯೋಸ್ ಪರದೆಯಲ್ಲಿರುವ ಸೀರಿಯಲ್ ನಂಬರ್ ಹಿಂಬದಿಯ ಸ್ಟಿಕ್ಕರ್‌ಗೆ ತಾಳೆಯಾದರೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪನ್ನು ಧೈರ್ಯವಾಗಿ ಕೊಳ್ಳಿ” ಎನ್ನುವ ಸಲಹೆ ಅರ್ಧ ಮಾತ್ರ ನಿಜ.

ಈ ನಂಬರ್ ಇರುವುದು ಮದರ್‌ಬೋರ್ಡ್ ಮೇಲಿನ ಪುಟ್ಟ ಫ್ಲ್ಯಾಶ್ ಚಿಪ್‌ನಲ್ಲಿ. ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದರೂ ಅದು ಹಾಗೇ ಉಳಿಯುತ್ತದೆ. ಹಾಗಂತ ಬದಲಿಸಲಾಗದ್ದೇನಲ್ಲ. ಬೋರ್ಡ್ ಕೆಟ್ಟಾಗ ಸರ್ವಿಸ್ ಸೆಂಟರ್‌ನವರು ಹೊಸ ಬೋರ್ಡ್ ಹಾಕಿ, ಹಳೆಯ ನಂಬರನ್ನೇ ಅದಕ್ಕೆ ಬರೆಯುತ್ತಾರೆ. ಇದು ಸರಿಯಾದ ಕ್ರಮವೇ. ಆದರೆ ಅದೇ ದಾರಿಯಲ್ಲಿ ಕದ್ದ ಲ್ಯಾಪ್‌ಟಾಪ್‌ಗೂ ಬೇರೆ ನಂಬರ್ ಬರೆಯಬಹುದು. ಸ್ಟಿಕ್ಕರ್ ಮುದ್ರಿಸುವುದಂತೂ ಇನ್ನೂ ಸುಲಭ.

ನಂಬರ್ ತಾಳೆಯಾಗದಿದ್ದರೆ ಕಳವಿನ ಮಾಲು ಎಂದೂ ಅಲ್ಲ. ಬೋರ್ಡ್ ಬದಲಿಸಿದಾಗ ಯಾರೋ ನಂಬರ್ ಬರೆಯದೆ ಬಿಟ್ಟಿರಬಹುದು. ರಿಪೇರಿ ರಸೀದಿ ಕೇಳಿ ನೋಡಿ.

ಫೋನ್‌ನ ವಿಷಯ ಬೇರೆ. *#06# ಒತ್ತಿದರೆ 15 ಅಂಕಿಯ ಐಎಂಇಐ ಸಿಗುತ್ತದೆ. ಕಳೆದುಹೋದ ಫೋನನ್ನು ಕೇಂದ್ರ ಸರ್ಕಾರದ ‘ಸಂಚಾರ್ ಸಾಥಿ’ ಮೂಲಕ ಬ್ಲಾಕ್ ಮಾಡಿಸಬಹುದು. ವೈಫೈ ಮಾತ್ರ ಇರುವ ಲ್ಯಾಪ್‌ಟಾಪ್‌ಗೆ ಐಎಂಇಐ ಇಲ್ಲ, ಹಾಗಾಗಿ ಈ ಸೌಲಭ್ಯವೂ ಇಲ್ಲ.

ಆದ್ದರಿಂದ ಅಂತರಸನಹಳ್ಳಿಯಲ್ಲಿರಲಿ, ಗುಬ್ಬಿ, ಕುಣಿಗಲ್‌ನಲ್ಲಿರಲಿ, ಹಳೇ ಲ್ಯಾಪ್‌ಟಾಪ್ ಕೊಳ್ಳುವಾಗ ಮೂಲ ಬಿಲ್ ಕೇಳಿ. ಬಿಲ್‌ನಲ್ಲಿರುವ ನಂಬರ್, ಬಯೋಸ್, ಸ್ಟಿಕ್ಕರ್ ಮೂರನ್ನೂ ಹೋಲಿಸಿ. ಮಾರುವವರ ಗುರುತಿನ ಚೀಟಿಯ ನಕಲು, ಸಹಿ ಇರುವ ರಸೀದಿ ಪಡೆಯಿರಿ. ಕಳ್ಳಮಾಲು ಎಂದು ತಿಳಿದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ತಿಳಿಯದೆ ಕೊಂಡರೂ ಪೊಲೀಸರು ಲ್ಯಾಪ್‌ಟಾಪ್ ವಶಪಡಿಸಿಕೊಳ್ಳಬಹುದು, ಕೊಟ್ಟ ಹಣವೂ ಕೈಬಿಟ್ಟುಹೋಗಬಹುದು.

ಆ ಸಲಹೆ ನಿಮ್ಮ ಗ್ರೂಪ್‌ಗೂ ಬಂದಿದ್ದರೆ, “ಬಿಲ್ ಕೇಳಿ” ಎಂಬ ಮಾತನ್ನು ಸೇರಿಸಿಯೇ ಮುಂದಕ್ಕೆ ಕಳಿಸಿ ಎಂಬುದು ನಮ್ಮ ಕೋರಿಕೆ.