ಏರ್‌ಗನ್ ಬಿಚ್ಚಿದ್ದು ಒಂದು ಸಲ, ಪೇಚಾಡಿದ್ದು ಎಂಟು ದಿನ

ಕಳೆದ ಉತ್ತರೆ ಮಳೆ ಹೊತ್ತಿಗೆ ನಮ್ಮ ಎರಡೆಕರೆ ಸೂರ್ಯಕಾಂತಿ ಹಾಲುಗಾಳಾಗಿತ್ತು. ಗಿಳಿಗಳಿಗೆ ಇನ್ನೇನು ಬೇಕು? ಬೆಳಿಗ್ಗೆ ಒಂದು ಹಿಂಡು, ಸಂಜೆ ಒಂದು ಹಿಂಡು. ಕೂಗಿ ಕೂಗಿ ಗಂಟಲು ಹರಿದುಕೊಳ್ಳುವ ಬದಲು ನಾನೊಂದು ಉಪಾಯ ಮಾಡಿಕೊಂಡಿದ್ದೇನೆ. ಹೊಲದ ನಾಲ್ಕು ಕಡೆ ಗಳ ನೆಟ್ಟು ಎಣ್ಣೆ ಡಬ್ಬದ ತಗಡು ನೇತುಹಾಕಿ, ಅಟ್ಟಣೆ ಮೇಲಿಂದ ಏರ್‌ಗನ್ನಿನಲ್ಲಿ ತಗಡಿಗೆ ಹೊಡೆಯುವುದು. 'ಠಣ್' ಅಂದರೆ ಸಾಕು, ಹಿಂಡಿಗೆ ಹಿಂಡೇ ಏಳುತ್ತದೆ. ಗಿಳಿಗೆ ಹೊಡೆಯುವುದಿಲ್ಲ. 1972ರ ವನ್ಯಜೀವಿ ಕಾಯಿದೆ ಪ್ರಕಾರ ಅದು ಅಪರಾಧ, ನನಗೆ ಮನಸ್ಸೂ ಬಾರದು. ತಗಡಿನ ಹಿಂದೆ ಎತ್ತರದ ಬದು ಇರುವ ಜಾಗವನ್ನೇ ನೋಡಿಕೊಳ್ಳಬೇಕು. ದಾರಿ ಇರಬಾರದು.

ನನ್ನದು ನಳಿಕೆ ಮಡಚುವ ಮಾದರಿ, 0.177 ಅಳತೆ. ಅಂದರೆ ಗುಂಡು ನಾಲ್ಕೂವರೆ ಮಿ.ಮೀ. ದಪ್ಪ. ಸ್ವಲ್ಪ ಮಂದವಾಗಿದೆ ಅನ್ನಿಸಿತು. ಪಂಪ್‌ಸೆಟ್ ಬಿಚ್ಚಿದವನಿಗೆ ಇದೇನು ಮಹಾ ಅಂತ ಒಂದು ಮಧ್ಯಾಹ್ನ ಬಿಚ್ಚಲು ಕೂತೆ. ಮರದ ಹಿಡಿ ತೆಗೆದು, ಹಿಂದಿನ ಪಿನ್ನು ಬಡಿದೆ ನೋಡಿ, ಒಳಗಿನ ಸ್ಪ್ರಿಂಗು ಹಿಂದಿನ ಕಬ್ಬಿಣದ ತುಂಡನ್ನು ಎತ್ತಿ ಎಸೆದು, ಅದು ನನ್ನ ಕಿವಿ ಪಕ್ಕದಲ್ಲೇ ಹೋಗಿ ಮಾಡಿನ ಹೆಂಚು ಒಡೆಯಿತು. ಎದುರಿಗೆ ಕೂತಿದ್ದ ಮಗನ ಮುಖ ಬೆಳ್ಳಗಾಯಿತು. ಕೋವಿಯಲ್ಲಿ ಗುಂಡಿಲ್ಲದಿದ್ದರೂ, ಎಳೆದಿಡದಿದ್ದರೂ ಸ್ಪ್ರಿಂಗು ಒಳಗೆ ಒತ್ತಿಕೊಂಡೇ ಇರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಬಡಗಿಯವರ ಉದ್ದನೆಯ ಕ್ಲಾಂಪಿನಲ್ಲಿ ಹಿಂದೆ ಮುಂದೆ ಬಿಗಿಹಿಡಿದು, ಪಿನ್ನು ತೆಗೆದ ಮೇಲೆ ಸುತ್ತು ಸುತ್ತಾಗಿ ಸಡಿಲ ಬಿಡಬೇಕು. ಕ್ಲಾಂಪ್ ಇಲ್ಲದವರು ಬಿಚ್ಚುವುದೇ ಬೇಡ.

ಒಳಗೆ ಇರುವುದು ಬಹಳವೇನಲ್ಲ. ನಳಿಕೆ ಮಡಚಿದಾಗ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗು ಒತ್ತುತ್ತದೆ, ಟ್ರಿಗರಿನ ಕೊಂಡಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಟ್ರಿಗರ್ ಎಳೆದರೆ ಪಿಸ್ಟನ್ ಮುನ್ನುಗ್ಗಿ, ಮುಂದಿನ ಗಾಳಿ ಒತ್ತಡಕ್ಕೆ ಸಿಕ್ಕಿ ಸಣ್ಣ ತೂತಿನಿಂದ ನಳಿಕೆಗೆ ನುಗ್ಗಿ ಗುಂಡನ್ನು ತಳ್ಳುತ್ತದೆ. ಗಾಳಿ ಸೋರಬಾರದ ಜಾಗ ಎರಡೇ: ಪಿಸ್ಟನ್ ತುದಿಯ ವಾಷರ್, ಮತ್ತು ನಳಿಕೆ ಸಿಲಿಂಡರಿಗೆ ಕೂಡುವಲ್ಲಿರುವ ಚಿಕ್ಕ ವಾಷರ್.

ಸೀಮೆಎಣ್ಣೆಯಲ್ಲಿ ತೊಳೆದೆ. ಪಿಸ್ಟನ್ನಿನ ಚರ್ಮದ ವಾಷರ್ ಒಣಗಿ ಸೀಳಿತ್ತು, ಹೊಸದು ಹಾಕಿದೆ. ಟ್ರಿಗರ್ ಗಟ್ಟಿ ಅಂತ ಕೊಂಡಿಯನ್ನು ಅರದಿಂದ ಒಂದಿಷ್ಟು ಉಜ್ಜಿದೆ. ಎಲ್ಲ ಕೂಡಿಸಿ ಹೊಡೆದರೆ ಒಳಗೆ ಸುತ್ತಿಗೆ ಬಡಿದ ಹಾಗೆ ಸದ್ದು, ಗುಂಡು ಮಾತ್ರ ಹತ್ತು ಮಾರಿಗೇ ಬಿತ್ತು. ಎರಡನೆಯದು ನಳಿಕೆಯಲ್ಲೇ ಸಿಕ್ಕಿಕೊಂಡಿತು. (ಹಾಗಾದಾಗ ಅದರ ಹಿಂದೆ ಇನ್ನೊಂದು ಗುಂಡು ತುಂಬಬಾರದು. ನಳಿಕೆ ಮಡಚಿಟ್ಟು ಕಡ್ಡಿಯಿಂದ ತಳ್ಳಿ ತೆಗೆಯಬೇಕು.)

ಸ್ಪ್ರಿಂಗು ಸತ್ತಿದೆ ಎಂದುಕೊಂಡು ಪೇಟೆಯಿಂದ ಹೊಸದು ತಂದು ಹಾಕಿದೆ. ಹಾಗೇ ಇತ್ತು. ಆಮೇಲೆ ನಳಿಕೆ ಕೂಡುವ ಜಾಗದ ಮೇಲೆ ಹತ್ತಿಯ ಎಳೆ ಇಟ್ಟು ಹೊಡೆದು ನೋಡಿದೆ. ಎಳೆ ಹಾರಿತು, ಅಂದರೆ ಅಲ್ಲಿ ಸೋರುತ್ತಿದೆ. ಆ ಚಿಕ್ಕ ವಾಷರ್ ಬದಲಿಸಿದೆ. ಈಗ ಎಳೆ ಅಲುಗಲಿಲ್ಲ, ಗುಂಡು ಇಪ್ಪತ್ತು ಮಾರು ಹೋಯಿತು. ತಗಡು ಇರುವುದು ನಲವತ್ತು ಮಾರಿನಲ್ಲಿ!

ಪಂಪ್‌ಸೆಟ್ ರಿಪೇರಿ ಮಾಡುವ ಮೇಸ್ತ್ರಿ ಹತ್ತಿರ ಹೋದೆ. ಅವರು ಕೋವಿಯನ್ನು ಮುಟ್ಟಲೂ ಇಲ್ಲ. "ಯಜಮಾನ್ರೇ, ನೀವು ಕೈ ಹಾಕೋ ಮೊದಲು ಎಷ್ಟು ದೂರ ಹೋಗ್ತಿತ್ತು?" ಅಂದರು. ನಲವತ್ತು ಮಾರು, ಸ್ವಲ್ಪ ಮಂದ ಅಷ್ಟೇ, ಅಂದೆ. "ಹಂಗಾದ್ರೆ ಕೆಟ್ಟಿರೋದು ನೀವು ಮುಟ್ಟಿದ್ದರಲ್ಲೇ. ಮುಟ್ಟದೇ ಇರೋದನ್ನ ಯಾಕೆ ಬದಲಾಯಿಸ್ತೀರಿ? ಸೈಕಲ್ ಪಂಪಿನ ವಾಷರ್ ಹಾಕಿ ಗೊತ್ತಲ್ಲ?" ಅಂದರು.

ಅಷ್ಟಕ್ಕೇ ತಿಳಿಯಿತು. ಚರ್ಮದ ವಾಷರ್ ಬಟ್ಟಲಿನ ಹಾಗಿರುತ್ತದೆ. ಬಟ್ಟಲಿನ ಬಾಯಿ ಗಾಳಿ ಒತ್ತುವ ಕಡೆ, ಅಂದರೆ ಮುಂದಕ್ಕೆ ಇರಬೇಕು. ಆಗ ಒತ್ತಡಕ್ಕೆ ಅಂಚು ಅರಳಿ ಸಿಲಿಂಡರಿಗೆ ಅಂಟುತ್ತದೆ. ನಾನು ಮಗುಚಿ ಹಾಕಿದ್ದೆ. ಗಾಳಿ ಪಕ್ಕದಲ್ಲೇ ಹಿಂದಕ್ಕೆ ಸೋರಿ, ತಡೆಯಲು ಗಾಳಿಯೇ ಇಲ್ಲದೆ ಪಿಸ್ಟನ್ ಹೋಗಿ ಕಬ್ಬಿಣಕ್ಕೆ ಬಡಿಯುತ್ತಿತ್ತು. ಸುತ್ತಿಗೆ ಸದ್ದು ಅದೇ. ಗುಂಡು ಹಾಕದೆ ಬರಿದೇ ಹೊಡೆದರೂ ಹೀಗೇ ಬಡಿಯುತ್ತದೆ. ಮಕ್ಕಳ ಕೈಗೆ ಕೊಟ್ಟರೆ ಆಗುವ ಹಾನಿ ಇದು.

ಸರಿ ಮಾಡಿ ಹಾಕಿ, ಖುಷಿಯಲ್ಲಿ ಇಂಜಿನ್ ಆಯಿಲ್ ಧಾರಾಳ ಸುರಿದೆ. ಮೊದಲ ಏಟು 'ಢಂ' ಅಂತು! ನಳಿಕೆಯಲ್ಲಿ ಹೊಗೆ, ಸುಟ್ಟ ವಾಸನೆ. ಶಕ್ತಿ ಬಂತು ಅಂತ ಬೀಗಿದೆ. ಅದು ಶಕ್ತಿಯಲ್ಲ. ಡೀಸೆಲ್ ಇಂಜಿನ್ನಿಗೆ ಕಿಡಿ ಬೇಡ, ಒತ್ತಿದ ಗಾಳಿಯ ಬಿಸಿಗೇ ಎಣ್ಣೆ ಹೊತ್ತುತ್ತದೆ. ಇಲ್ಲೂ ಅದೇ ಆಗಿದ್ದು. ಹೀಗೆ ನಾಲ್ಕು ದಿನ ಹೊಡೆದರೆ ವಾಷರ್ ಕರಕಲು. ಚರ್ಮದ ವಾಷರಿಗೆ ಎರಡು ಮೂರು ಹನಿ ಸಾಕು. ನಳಿಕೆಯನ್ನು ಒಂದಿಷ್ಟೇ ಸಡಿಲಿಸಿ ಸಿಲಿಂಡರಿನ ಸಣ್ಣ ತೂತಿಗೆ ಬಿಟ್ಟು, ಬಾಯಿ ಮೇಲಾಗಿ ರಾತ್ರಿ ನಿಲ್ಲಿಸಿದರೆ ತಾನೇ ಇಳಿಯುತ್ತದೆ.

ಇನ್ನು ಆ ಕೊಂಡಿ ಉಜ್ಜಿದ್ದು. ಅದನ್ನು ಮರೆತೇ ಬಿಟ್ಟಿದ್ದೆ. ಮಾರನೆ ದಿನ ಅಟ್ಟಣೆ ಮೇಲೆ ನಳಿಕೆ ಮಡಚಿ ಗುಂಡು ಇಡುತ್ತಿದ್ದೆ. ಟ್ರಿಗರ್ ಮುಟ್ಟಿರಲಿಲ್ಲ. ಸವೆದ ಕೊಂಡಿ ಜಾರಿ, ನಳಿಕೆ ಕತ್ತಿಯ ಹಾಗೆ ಮೇಲೆದ್ದು ಹೆಬ್ಬೆರಳಿಗೆ ಬಡಿಯಿತು. ಉಗುರು ಹೋಯಿತು, ಮೂಳೆ ಉಳಿಯಿತು. ಅದು ಮಗನ ಕೈಯಲ್ಲಿದ್ದರೆ ಏನು ಗತಿ ಎಂದು ಇವತ್ತಿಗೂ ಅನ್ನಿಸುತ್ತದೆ. ಕೊಂಡಿಗೆ ಅರ ಹಚ್ಚಲೇಬಾರದು. ಉಜ್ಜಿದ್ದರೆ ಹೊಸ ಕೊಂಡಿಯನ್ನೇ ಹಾಕಿಸಬೇಕು. ಗುಂಡು ತುಂಬುವಾಗ ಯಾವ ಕೋವಿಯಾದರೂ ಸರಿ, ಒಂದು ಕೈ ನಳಿಕೆಯನ್ನು ಬಿಗಿಯಾಗಿ ಹಿಡಿದೇ ಇರಬೇಕು.

ಈಗ ಮಂದ ಅನ್ನಿಸಿದರೆ ಮೊದಲು ಬೇರೆ ಡಬ್ಬಿಯ ಗುಂಡು ಹಾಕಿ ನೋಡುತ್ತೇನೆ. ಆಮೇಲೆ ಹತ್ತಿ ಎಳೆ. ಆಮೇಲೆ ಎರಡು ಹನಿ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯುವುದು. ಇಷ್ಟಕ್ಕೆ ಕೋವಿ ಬಿಚ್ಚಬೇಕಾಗಿಲ್ಲ. ನಿಜ ಹೇಳಬೇಕೆಂದರೆ ನನ್ನ ಕೋವಿಗೆ ಅವತ್ತು ಬೇಕಾಗಿದ್ದೂ ಪ್ರಾಯಶಃ ಒಂದು ಚಿಕ್ಕ ವಾಷರ್ ಮತ್ತು ಆ ಎರಡು ಹನಿಯೇ. ನಾನು ಬಿಚ್ಚಿ ಕೂಡಿಸಿದ ಎಂಟು ದಿನಗಳಲ್ಲಿ ಬದುವಿನ ಕಡೆಯ ಆರು ಸಾಲುಗಳ ತೆನೆಯನ್ನು ಗಿಳಿಗಳು ಪೂರ್ತಿ ಬಿಡಿಸಿದ್ದವು. ಒಕ್ಕಣೆಗೆ ಅಲ್ಲಿಂದ ಬರೀ ಬುಟ್ಟು ಬಂತು.