‘ಪಿ’ಯಲ್ಲಿ ಸಿಕ್ಕಿಕೊಳ್ಳುವ ಗೇರ್

ಆಟೋಮ್ಯಾಟಿಕ್ ಕಾರಿನ ಗೇರ್‌ಲಿವರನ್ನು ‘ಪಿ’ಗೆ ತಂದಾಗ ಗೇರ್‌ಬಾಕ್ಸಿನೊಳಗಿನ ಉಕ್ಕಿನ ಕೊಕ್ಕೆಯೊಂದು ಹಲ್ಲುಚಕ್ರದ ಸಂದಿಗೆ ಇಳಿದು ಕೂರುತ್ತದೆ. ಇದಕ್ಕೆ ಪಾರ್ಕಿಂಗ್ ಪಾಲ್ ಎಂದು ಹೆಸರು. ಗಾತ್ರ ಹೆಚ್ಚುಕಡಿಮೆ ಒಂದು ಬೆರಳಿನಷ್ಟು. ಹಲ್ಲುಚಕ್ರಕ್ಕೂ ಗಾಲಿಗಳಿಗೂ ನೇರ ಸಂಬಂಧವಿರುವುದರಿಂದ ಅದು ನಿಂತರೆ ಗಾಲಿಯೂ ಉರುಳುವುದಿಲ್ಲ. ಲಿವರ್ ‘ಪಿ’ ಬಿಟ್ಟು ಬಾರದಿದ್ದರೆ ಸಾಮಾನ್ಯವಾಗಿ ಪಾಲ್ ಮೇಲೆ ಭಾರ ಬಿದ್ದಿರುತ್ತದೆ, ಇಲ್ಲವೇ ಲಿವರಿಗಿರುವ ವಿದ್ಯುತ್ ಬೀಗ ತೆರೆದಿರುವುದಿಲ್ಲ.

ಭಾರ ಬೀಳುವುದು ಇಳಿಜಾರಿನಲ್ಲಿ. ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟದ ಬುಡದಲ್ಲೋ, ದೇವನಹಳ್ಳಿ ದಾಟಿ ನಂದಿಬೆಟ್ಟ ಹತ್ತುವ ರಸ್ತೆಯ ಪಕ್ಕದಲ್ಲೋ ಕಾರು ನಿಲ್ಲಿಸುವವರು ಇದನ್ನು ಗಮನಿಸಬೇಕು. 1200 ಕಿಲೋ ತೂಕದ ಕಾರು 10 ಡಿಗ್ರಿ ಇಳಿಜಾರಿನಲ್ಲಿ ನಿಂತರೆ ಸುಮಾರು 200 ಕಿಲೋ ಭಾರದಷ್ಟು ಬಲ ಅದನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ‘ಪಿ’ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯದೆ ಕಾಲು ತೆಗೆದರೆ ಕಾರು ಒಂದೆರಡು ಅಂಗುಲ ಜಾರಿ, ಆ ಎಳೆತವೆಲ್ಲ ಪಾಲ್ ಮೇಲೆ ಬಂದು ಕೂರುತ್ತದೆ. ಹೊರಗಿನಿಂದ ಬಾಗಿಲನ್ನು ಒತ್ತಿ ಹಿಡಿದಾಗ ಒಳಗಿನ ಅಗುಳಿ ಸರಿಯದಿರುವಂತೆ, ಹಲ್ಲುಗಳ ನಡುವೆ ಬಿಗಿದ ಪಾಲ್ ಸುಲಭಕ್ಕೆ ಮೇಲೇಳುವುದಿಲ್ಲ. ಹೆಚ್ಚಿನ ಸಲ ಬ್ರೇಕ್ ಒತ್ತಿ ಲಿವರನ್ನು ಗಟ್ಟಿಯಾಗಿ ಎಳೆದರೆ ‘ದಡ್’ ಎಂಬ ಸದ್ದಿನೊಂದಿಗೆ ಅದು ಬಿಡುತ್ತದೆ. ಬಿಡದಿದ್ದರೆ ಗಾಲಿಗಳ ಇಳಿಜಾರಿನ ಬದಿಗೆ ಕಲ್ಲು ಕೊಟ್ಟು, ಇನ್ನೊಂದು ವಾಹನದಿಂದ ಕಾರನ್ನು ತುಸು ಮೇಲಕ್ಕೆ ಎಳೆಸಬೇಕು. ಆಗ ಪಾಲ್ ಮೇಲಿನ ಬಿಗಿ ಸಡಿಲವಾಗುತ್ತದೆ. ಕಾರಿನ ಕೆಳಬದಿಯಲ್ಲಿ ಯಾರೂ ನಿಲ್ಲಕೂಡದು.

ಇದು ಕೆಟ್ಟುಹೋದ ಭಾಗದ ದೋಷವಲ್ಲ, ನಿಲ್ಲಿಸುವ ಕ್ರಮದ ದೋಷ. ಬ್ರೇಕ್ ಒತ್ತಿಕೊಂಡೇ ಲಿವರನ್ನು ‘ಎನ್’ಗೆ (ನ್ಯೂಟ್ರಲ್) ತಂದು, ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನ ಬ್ರೇಕನ್ನು ಮೆಲ್ಲಗೆ ಬಿಟ್ಟು, ಕಾರು ಅಲುಗದೆ ನಿಂತಮೇಲೆ ಮತ್ತೆ ಬ್ರೇಕ್ ಒತ್ತಿ ‘ಪಿ’ ಹಾಕಬೇಕು. ಆಗ ಭಾರ ಹೊರುವುದು ಹ್ಯಾಂಡ್‌ಬ್ರೇಕ್.

ಸಮತಟ್ಟು ನೆಲದಲ್ಲೂ ಲಿವರ್ ಅಲುಗದಿದ್ದರೆ ಅನುಮಾನ ವಿದ್ಯುತ್ ಬೀಗದ ಮೇಲೆ. ಈ ಬೀಗ ಬಂದದ್ದಕ್ಕೊಂದು ಹಿನ್ನೆಲೆಯಿದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಕಾರು ತಾನಾಗಿ ನುಗ್ಗುತ್ತದೆಂಬ ದೂರುಗಳು ಎದ್ದವು. ಬಹುಪಾಲು ಪ್ರಕರಣಗಳಲ್ಲಿ ಚಾಲಕರು ಬ್ರೇಕ್ ಬದಲು ಆಕ್ಸಿಲರೇಟರ್ ತುಳಿದಿದ್ದರೆಂದು ಅಲ್ಲಿನ ಸರ್ಕಾರಿ ಸಂಸ್ಥೆಯ 1989ರ ವರದಿ ಹೇಳಿತು. ಅಷ್ಟರಲ್ಲಿ, ಬ್ರೇಕ್ ಒತ್ತದೆ ‘ಪಿ’ ಬಿಡದಂತೆ ತಡೆಯುವ ಬೀಗವನ್ನು ಆಡಿ ಅಳವಡಿಸಿತ್ತು. ಈಗ ಅದು ಎಲ್ಲೆಡೆ ಸಾಮಾನ್ಯ.

ಬ್ರೇಕ್ ಪೆಡಲ್ ಬಳಿಯ ಸ್ವಿಚ್ಚೇ ಹಿಂದಿನ ಕೆಂಪು ದೀಪವನ್ನೂ ಹೊತ್ತಿಸುತ್ತದೆ, ಬೀಗವನ್ನು ಸರಿಸುವ ವಿದ್ಯುತ್ಕಾಂತಕ್ಕೂ (ಸೊಲೆನಾಯ್ಡ್) ಸುದ್ದಿ ಮುಟ್ಟಿಸುತ್ತದೆ. ಪರೀಕ್ಷೆ ಸುಲಭವಾಗುವುದು ಇದರಿಂದಲೇ. ಇಗ್ನಿಷನ್ ಆನ್ ಮಾಡಿ ಬ್ರೇಕ್ ಒತ್ತಿದಾಗ ಕೆಂಪು ದೀಪಗಳು ಒಂದೂ ಹೊತ್ತದಿದ್ದರೆ ದೋಷ ಸ್ವಿಚ್ಚಿನದು ಅಥವಾ ಫ್ಯೂಸಿನದು. ಅಂಥ ಕಾರಿನ ಹಿಂದೆ ಬರುವವರಿಗೆ ಬ್ರೇಕ್ ಹಾಕಿದ್ದೇ ತಿಳಿಯದ ಕಾರಣ ರಸ್ತೆಗಿಳಿಸುವುದು ಅಪಾಯ. ದೀಪ ಹೊತ್ತಿಯೂ ಲಿವರ್ ಬಳಿ ‘ಟಿಕ್’ ಸದ್ದು ಕೇಳದಿದ್ದರೆ ಸೊಲೆನಾಯ್ಡ್ ಅಥವಾ ಅದರ ತಂತಿಯನ್ನು ನೋಡಬೇಕು. ಲಿವರ್ ಸುತ್ತ ಚೆಲ್ಲಿದ ಕಾಫಿ, ಜ್ಯೂಸು ಒಣಗಿ ಅಂಟಾದರೂ ಬೀಗ ಸಿಕ್ಕಿಕೊಳ್ಳುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಹಲವು ದಿನ ನಿಲ್ಲಿಸಿ ಹೋದ ಕಾರಿನಲ್ಲಾದರೆ ಮೊದಲು ನೋಡಬೇಕಾದದ್ದು ಬ್ಯಾಟರಿ. ಅದು ಬರಿದಾಗಿದ್ದರೆ ಬೀಗಕ್ಕೆ ಶಕ್ತಿಯೇ ಇರುವುದಿಲ್ಲ.

ತುರ್ತಿಗೆಂದು ಅನೇಕ ಕಾರುಗಳಲ್ಲಿ ಲಿವರಿನ ಪಕ್ಕ ಸಣ್ಣ ಮುಚ್ಚಳವಿರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿ, ಮುಚ್ಚಳದಡಿಯ ಗುಂಡಿಯನ್ನು ಸ್ಕ್ರೂಡ್ರೈವರಿನಿಂದ ಅದುಮಿದರೆ ಲಿವರ್ ‘ಎನ್’ಗೆ ಬರುತ್ತದೆ. ಬಟನ್ ಒತ್ತಿ ಗೇರ್ ಹಾಕುವ ಕಾರುಗಳಲ್ಲಿ ಕ್ರಮ ಬೇರೆ. ಕಾರಿನ ಕೈಪಿಡಿಯೇ ಗತಿ.

ಈ ತೊಂದರೆ ಎಲ್ಲ ಆಟೋಮ್ಯಾಟಿಕ್‌ಗಳದ್ದಲ್ಲ. 2014ರಲ್ಲಿ ಸೆಲೆರಿಯೊ ಕಾರಿನ ಜೊತೆ ಭಾರತದಲ್ಲಿ ಜನಪ್ರಿಯವಾದ ಎಎಂಟಿ (ಮ್ಯಾನುಯಲ್ ಗೇರ್‌ಬಾಕ್ಸನ್ನೇ ಯಂತ್ರ ಬದಲಿಸುವ) ಕಾರುಗಳಲ್ಲಿ ಸಾಮಾನ್ಯವಾಗಿ ‘ಪಿ’ ಇರುವುದೇ ಇಲ್ಲ. ಹೊಸಕೋಟೆಯಲ್ಲಿ ತಯಾರಾಗುವ ವೋಲ್ವೋ ಬಸ್ಸುಗಳಂಥ ಏರ್‌ಬ್ರೇಕ್ ವಾಹನಗಳನ್ನು ನಿಲ್ಲಿಸಿ ಹಿಡಿಯುವುದು ಸ್ಪ್ರಿಂಗಿನ ಪಾರ್ಕಿಂಗ್ ಬ್ರೇಕ್.

ಲಿವರ್ ಬಿಗಿಯಾಗಿ, ಒರಟಾಗಿ ಚಲಿಸಿದರೆ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ ತುಕ್ಕು ಹಿಡಿದಿರಬಹುದು. ಅದರ ತುದಿಯ ಪ್ಲಾಸ್ಟಿಕ್ ಬುಷ್ ಸವೆದಿದ್ದರೆ ಮಾತು ಇನ್ನೂ ಗಂಭೀರ: ಲಿವರ್ ‘ಪಿ’ ತೋರಿಸುತ್ತಿದ್ದರೂ ಪಾಲ್ ಪೂರ್ತಿ ಇಳಿಯದೆ ಉಳಿದೀತು. ಅಂಥ ಕಾರನ್ನು ಮೆಕ್ಯಾನಿಕ್ ನೋಡುವವರೆಗೆ ಇಳಿಜಾರಿನಲ್ಲಿ ನಿಲ್ಲಿಸಲೇಬಾರದು.