ಘಾಟಿಯಲ್ಲಿ ಸುಮ್ಮನಿದ್ದ ಚಕ್ರ ಹೆದ್ದಾರಿಯಲ್ಲಿ ನಡುಗುವುದೇಕೆ?

ಕಾಫಿ ಕೊಯ್ಲು ಬಿರುಸಾದಂತೆ ಮಲೆನಾಡಿನ ರಸ್ತೆಗಳಲ್ಲಿ ಲಾರಿಗಳ ಓಡಾಟವೂ ಹೆಚ್ಚುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ, ಅದರ ಬೆನ್ನಿಗೇ ರೊಬಸ್ಟಾ. ಕಣದಲ್ಲಿ ಒಣಗಿದ ಕಾಫಿ ಮೂಟೆಗಳಾಗಿ ಕಳಸ, ಕೊಟ್ಟಿಗೆಹಾರ, ಮೂಡಿಗೆರೆ ಸುತ್ತಿನ ತೋಟಗಳಿಂದ ಹೊರಟು ಚಿಕ್ಕಮಗಳೂರು, ಹಾಸನದ ಕ್ಯೂರಿಂಗ್ ವರ್ಕ್ಸ್‌ಗಳನ್ನು ಸೇರುತ್ತದೆ. ಅಲ್ಲಿಂದ ಮುಂದೆ ಬೆಂಗಳೂರಿನ ಕಡೆಗೋ ಮಂಗಳೂರು ಬಂದರಿಗೋ ಪಯಣ. ಕಳಸದ ನೆರೆಯ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಗಣಿ ನಡೆಯುತ್ತಿದ್ದಾಗ ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲೇ ಕರಾವಳಿಗೆ ಇಳಿಸುತ್ತಿದ್ದರು. ಕಾಫಿಗೆ ಆ ಭಾಗ್ಯವಿಲ್ಲ. ಅದು ಚಕ್ರದ ಮೇಲೆಯೇ ಹೋಗಬೇಕು.

ಈ ಚಕ್ರದ ಬಗ್ಗೆ ಗ್ಯಾರೇಜುಗಳಿಗೆ ಬರುವ ದೂರೊಂದು ವಿಚಿತ್ರವಾಗಿದೆ. "ಮೇಸ್ತ್ರೀ, ಘಾಟಿಯಲ್ಲಿ ಏನೂ ಇಲ್ಲ. ಹಾಸನ ದಾಟಿ ಹೈವೇಗೆ ಬಿದ್ದ ಕೂಡಲೇ ಸ್ಟಿಯರಿಂಗ್ ನಡುಗ್ತದೆ" ಎನ್ನುವುದು ಚಾಲಕರ ಮಾತು. ಮೇಸ್ತ್ರಿ ಅದೇ ಲಾರಿಯನ್ನು ಪೇಟೆಯ ಬೀದಿಯಲ್ಲಿ ಒಂದು ಸುತ್ತು ಓಡಿಸಿ ನೋಡುತ್ತಾನೆ. ಎಲ್ಲವೂ ಸರಿಯಾಗಿದೆ! ಹಾಗಾದರೆ ಚಾಲಕ ಹೇಳಿದ್ದು ಸುಳ್ಳೇ? ಅಲ್ಲ. ರೋಗ ಇಲ್ಲಿಯದೇ, ಅದು ಕಾಣಿಸಿಕೊಳ್ಳುವ ಜಾಗ ಮಾತ್ರ ಬೇರೆ. ಯಾಕೆ ಹೀಗೆ ಎಂಬುದಕ್ಕೆ ಉತ್ತರ ಪಿ.ಯು.ಸಿ. ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಸೂತ್ರವೊಂದು ಹತ್ತಾರು ಟನ್ ತೂಗುವ ಲಾರಿಯನ್ನು ಅಲುಗಾಡಿಸುವುದನ್ನು ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಲಾರಿಯ ಟೈರು ಸುಮಾರು ಒಂದು ಮೀಟರ್ ಎತ್ತರ. ಒಮ್ಮೆ ಉರುಳಿದರೆ 3.2 ಮೀಟರಿನಷ್ಟು ದೂರ ಸಾಗುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಎರಡೂವರೆ ಸುತ್ತು ಸುತ್ತಿದರೆ, 80 ಕಿ.ಮೀ. ವೇಗದಲ್ಲಿ ಹತ್ತಿರ ಹತ್ತಿರ 7 ಸುತ್ತು. ಈಗ ಮಳೆಗಾಲದ ತೋಟದ ದಾರಿಯನ್ನು ನೆನಪಿಸಿಕೊಳ್ಳಿ. ಕೆಂಪು ಜೇಡಿ ಮಣ್ಣು ರಿಮ್ಮಿನ ಒಳಬದಿಗೆ ಮೆತ್ತಿಕೊಂಡು, ಬ್ರೇಕಿನ ಕಾವಿಗೆ ಒಣಗಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಹೊರಗಿನಿಂದ ಅದು ಕಾಣುವುದೇ ಇಲ್ಲ. ಚಕ್ರದ ಕೇಂದ್ರದಿಂದ ಕಾಲು ಮೀಟರ್ ದೂರದಲ್ಲಿ, ಒಂದೇ ಕಡೆ, 400 ಗ್ರಾಂ ಮಣ್ಣು ಹೀಗೆ ಕೂತಿದೆ ಎಂದುಕೊಳ್ಳೋಣ. ಚಕ್ರ ತಿರುಗುವಾಗ ಆ ಮಣ್ಣು ಚಕ್ರವನ್ನು ಹೊರಕ್ಕೆ ಎಳೆಯುತ್ತದೆ. 30 ಕಿ.ಮೀ. ವೇಗದಲ್ಲಿ ಈ ಎಳೆತ ಬರೀ 2.7 ಕಿಲೋ ಭಾರದಷ್ಟು. ಲಾರಿಗೆ ಅದು ಸೊಳ್ಳೆ ಕಚ್ಚಿದ ಹಾಗೆ. 60ಕ್ಕೆ ಏರಿದರೆ ಸುಮಾರು 11 ಕಿಲೋ. 80ಕ್ಕೆ 19 ಕಿಲೋ!

ವೇಗ ಎರಡು ಪಟ್ಟಾದಾಗ ಬಲ ನಾಲ್ಕು ಪಟ್ಟಾಯಿತು ಎಂಬುದನ್ನು ಗಮನಿಸಬೇಕು. ದ್ರವ್ಯರಾಶಿ, ತ್ರಿಜ್ಯ ಮತ್ತು ಕೋನೀಯ ವೇಗದ ವರ್ಗ, ಇವುಗಳ ಗುಣಲಬ್ಧವೇ ಈ ಬಲ. ಆ 'ವರ್ಗ' ಎಂಬ ಒಂದು ಪದದಲ್ಲಿ ಇಡೀ ಕಥೆ ಅಡಗಿದೆ. ಮಣ್ಣು ಚಕ್ರದ ಮೇಲ್ಭಾಗಕ್ಕೆ ಬಂದಾಗ ಚಕ್ರವನ್ನು ಎತ್ತುತ್ತದೆ, ಕೆಳಭಾಗಕ್ಕೆ ಬಂದಾಗ ರಸ್ತೆಗೆ ಒತ್ತುತ್ತದೆ. ಸೆಕೆಂಡಿಗೆ 7 ಸಲ, ಗಂಟೆಗೆ 25 ಸಾವಿರ ಸಲ ಈ ಕುಟ್ಟಾಟ ನಡೆಯುತ್ತದೆ. ಬೇರಿಂಗು, ಕಿಂಗ್ ಪಿನ್ನು, ಕಮಾನು ಪಟ್ಟಿ, ಕೊನೆಗೆ ಚಾಲಕನ ತೋಳು, ಎಲ್ಲವೂ ಆ ಪೆಟ್ಟು ತಿನ್ನುತ್ತವೆ.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಕೆಲವು ಲಾರಿಗಳು 65 ಕಿ.ಮೀ. ವೇಗದಲ್ಲಿ ನಡುಗಲು ಶುರುಮಾಡಿ, 75ರಲ್ಲಿ ವಿಪರೀತ ಅಲುಗಾಡಿ, ಅದನ್ನು ದಾಟಿದ ಮೇಲೆ ಕೊಂಚ ಶಾಂತವಾಗುತ್ತವೆ. ಮಲೆನಾಡಿನ ಮಕ್ಕಳಿಗೆ ಇದನ್ನು ತಿಳಿಸಲು ತೂಗುಸೇತುವೆ ಸಾಕು. ಸೇತುವೆಗೆ ತನ್ನದೇ ಆದ ಒಂದು ತೂಗಾಟದ ಲಯವಿದೆ. ನಡೆಯುವವರ ಹೆಜ್ಜೆ ಆ ಲಯಕ್ಕೆ ಕೂಡಿಬಿಟ್ಟರೆ ಒಬ್ಬಿಬ್ಬರು ನಡೆದರೂ ಸೇತುವೆ ಜೋರಾಗಿ ತೂಗುತ್ತದೆ. ಲಾರಿಯ ಮುಂದಿನ ಆಕ್ಸಲ್ಲಿಗೂ ಸ್ಟಿಯರಿಂಗ್ ಜೋಡಣೆಗೂ ಅಂಥದೇ ಸ್ವಂತ ಲಯವಿದೆ. ಚಕ್ರದ ಸುತ್ತು ಅದಕ್ಕೆ ಕೂಡಿದ ಕ್ಷಣ ಸಣ್ಣ ದೋಷವೂ ದೊಡ್ಡ ನಡುಕವಾಗುತ್ತದೆ. ಪುಸ್ತಕದಲ್ಲಿ ಇದಕ್ಕೆ ಅನುರಣನ ಎಂದು ಹೆಸರು. ಕೆಲವು ಚಾಲಕರು "ಇನ್ನೂ ಸ್ವಲ್ಪ ಒತ್ತಿದರೆ ನಿಲ್ತದೆ" ಎಂದು ವೇಗ ಹೆಚ್ಚಿಸುವುದುಂಟು. ನಿಲ್ಲುವುದು ನಡುಕ ಮಾತ್ರ. ಬಲ ಏರುತ್ತಲೇ ಇರುತ್ತದೆ. 2018ರ ಕೇಂದ್ರ ಅಧಿಸೂಚನೆಯ ಪ್ರಕಾರ ನಾಲ್ಕು ಪಥದ ರಸ್ತೆಯಲ್ಲಿ ಸರಕು ವಾಹನದ ಮಿತಿಯೇ 80 ಕಿ.ಮೀ. ಆದ್ದರಿಂದ ಈ ಉಪಾಯ ಕಾನೂನಿಗೂ ಹೊರಗು.

ಘಾಟಿಯಲ್ಲಿ ಇದೆಲ್ಲ ಯಾಕೆ ಕಾಣುವುದಿಲ್ಲ ಎಂಬುದು ಈಗ ಸ್ಪಷ್ಟ. ಕಳಸದಿಂದ ಕೊಟ್ಟಿಗೆಹಾರದವರೆಗಿನ ತಿರುವುಗಳಲ್ಲಾಗಲಿ ಚಾರ್ಮಾಡಿಯಲ್ಲಾಗಲಿ ಮೂಟೆ ಹೇರಿದ ಲಾರಿಗೆ 30-40 ಕಿ.ಮೀ. ವೇಗ ದಕ್ಕಿದರೆ ಅದೇ ಹೆಚ್ಚು. ದೋಷ ಹುಟ್ಟುವುದು ಬೆಟ್ಟದಲ್ಲಿ, ಬಯಲಾಗುವುದು ಬಯಲುಸೀಮೆಯಲ್ಲಿ.

ಮಣ್ಣೊಂದೇ ಅಪರಾಧಿಯಲ್ಲ. ಗುಂಡಿಗೆ ಬಿದ್ದು ಬಾಗಿದ ರಿಮ್ಮು, ಹದ ತಪ್ಪಿ ರೀಸೋಲ್ ಮಾಡಿದ ಟೈರು, ಜೋರಾಗಿ ಬ್ರೇಕ್ ಒತ್ತಿದಾಗ ಒಂದೇ ಕಡೆ ಉಜ್ಜಿ ಚಪ್ಪಟೆಯಾದ ರಬ್ಬರು, ರಿಮ್ಮಿನಲ್ಲಿ ನೆಟ್ಟಗೆ ಕೂರದ ಟೈರು, ಎಲ್ಲವೂ ಇದೇ ಕೆಲಸ ಮಾಡುತ್ತವೆ. ರೀಸೋಲ್ ಟೈರೆಂದರೆ ಕೆಟ್ಟದ್ದು ಎಂದು ಮೂಗು ಮುರಿಯುವುದು ಸರಿಯಲ್ಲ. ಸರಿಯಾಗಿ ಮಾಡಿದ ರೀಸೋಲ್ ಚೆನ್ನಾಗಿಯೇ ಓಡುತ್ತದೆ. ಹಿಂದಿನ ಜೋಡಿ ಚಕ್ರಗಳ ನಡುವೆ ಸಿಕ್ಕಿಕೊಂಡ ಜಲ್ಲಿಕಲ್ಲಂತೂ ನಡುಕಕ್ಕಿಂತ ದೊಡ್ಡ ಅಪಾಯ. ಹೆದ್ದಾರಿಯ ವೇಗದಲ್ಲಿ ಅದು ಕವಣೆಕಲ್ಲಿನಂತೆ ಹಾರಿ ಹಿಂದೆ ಬರುವ ಬೈಕ್ ಸವಾರನಿಗೆ ಬಡಿಯಬಹುದು.

ಇನ್ನೊಂದು ಕಾರಣ ತಾನಾಗಿಯೇ ವಾಸಿಯಾಗುವಂಥದ್ದು. ತುಂಬಿದ ಲಾರಿ ರಾತ್ರಿಯೆಲ್ಲ ಒಂದೇ ಕಡೆ ನಿಂತರೆ ನೈಲಾನ್ ಟೈರು ನೆಲಕ್ಕೆ ತಾಗಿದ ಜಾಗದಲ್ಲಿ ಚಪ್ಪಟೆಯಾಗುತ್ತದೆ. ಬೆಳಿಗ್ಗೆ ಹೊರಟಾಗ ಧಡ್ ಧಡ್ ಎನ್ನುತ್ತದೆ. ಹತ್ತು ಹದಿನೈದು ಕಿ.ಮೀ. ಓಡಿ ಬಿಸಿಯಾದ ಮೇಲೆ ಮತ್ತೆ ದುಂಡಗಾಗುತ್ತದೆ. ಇದಕ್ಕಾಗಿ ಗ್ಯಾರೇಜಿಗೆ ಹಣ ಸುರಿಯಬೇಕಾಗಿಲ್ಲ.

ಮೊದಲು ಪತ್ತೆ, ಆಮೇಲೆ ಸ್ಪ್ಯಾನರ್

ಒಳ್ಳೆಯ ಮೇಸ್ತ್ರಿ ಚಕ್ರಕ್ಕೆ ಕೈ ಹಾಕುವ ಮುನ್ನ ಪ್ರಶ್ನೆ ಕೇಳುತ್ತಾನೆ. ನಡುಕ ಎಲ್ಲಿ? ಸ್ಟಿಯರಿಂಗಿನಲ್ಲಾದರೆ ಮುಂದಿನ ಚಕ್ರಗಳ ಮೇಲೆ ಗುಮಾನಿ. ಸೀಟು ಮತ್ತು ನೆಲದಲ್ಲಾದರೆ ಹಿಂದಿನವು. ಕುಟ್ಟಿದಂತೆ ಇದೆಯೋ, ಜೇನಿನಂತೆ ಗುಂಯ್‌ಗುಟ್ಟುತ್ತದೆಯೋ? ಚಕ್ರ ಒಂದು ಸುತ್ತು ಸುತ್ತುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟು ಐದಾರು ಸುತ್ತು ಮುಗಿಸಿರುತ್ತದೆ. ಹಾಗಾಗಿ ಗುಂಯ್‌ಗುಟ್ಟುವ ಕಂಪನವಾದರೆ ಚಕ್ರವನ್ನು ಬಿಟ್ಟು ಶಾಫ್ಟು, ಅದರ ಕ್ರಾಸ್ ಜಾಯಿಂಟುಗಳನ್ನು ನೋಡಬೇಕು. ಲಾರಿ ನಿಂತಲ್ಲೇ ಎಂಜಿನ್ ಏರಿಸಿದಾಗಲೂ ಅದೇ ನಡುಕ ಬಂದರೆ ತಪ್ಪು ಎಂಜಿನ್ನಿನದು.

ಬ್ರೇಕ್ ಒತ್ತಿದಾಗ ಮಾತ್ರ ನಡುಗುತ್ತದೆ ಎಂದಾದರೆ ದುಂಡಗಿನ ಆಕಾರ ಕೆಟ್ಟ ಬ್ರೇಕ್ ಡ್ರಮ್ಮನ್ನು ಶಂಕಿಸಬೇಕು. ಘಾಟಿಯ ಲಾರಿಗಳಿಗೆ ಇದು ಅಂಟಿದ ಕಾಯಿಲೆ. ಎಂಜಿನ್ನಿನ ಹಿಡಿತದಲ್ಲಿ ಇಳಿಯುವ ಬದಲು ಬರೀ ಬ್ರೇಕಿನ ಮೇಲೆ ಇಳಿದರೆ ಡ್ರಮ್ಮು ಸುಡುತ್ತದೆ. ಡೀಸೆಲ್ ಉಳಿಸಲೆಂದು ಗೇರು ತಪ್ಪಿಸಿ ಇಳಿಯುವವರು ಡ್ರಮ್ಮನ್ನು ಹಾಳುಮಾಡುವುದಷ್ಟೇ ಅಲ್ಲ, ತಮ್ಮ ಮತ್ತು ಇತರರ ಪ್ರಾಣವನ್ನೂ ಪಣಕ್ಕಿಡುತ್ತಾರೆ. ಕಾದ ಬ್ರೇಕು ಹಿಡಿಯುವುದಿಲ್ಲ.

ಪತ್ತೆಯ ಮುಂದಿನ ಹಂತಕ್ಕೆ ದುಬಾರಿ ಯಂತ್ರ ಬೇಡ. ಸಮತಟ್ಟು ಗಟ್ಟಿ ನೆಲದಲ್ಲಿ ಲಾರಿ ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂದಿನ ಚಕ್ರವನ್ನು ಜಾಕಿನಲ್ಲಿ ಎತ್ತಿ, ಆಕ್ಸಲ್ ಅಡಿಗೆ ಭದ್ರವಾದ ಆಧಾರ ಇಡುತ್ತಾರೆ. ಜಾಕನ್ನೊಂದೇ ನಂಬಿ ಕೆಳಗೆ ನುಸುಳಬಾರದು. ಮೊದಲು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸುವುದು. ಸಡಿಲ ಕಂಡರೆ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು. ಆಗ ಸಡಿಲ ಮಾಯವಾದರೆ ಬೇರಿಂಗಿನ ತೊಂದರೆ. ಆಗಲೂ ಉಳಿದರೆ ಕಿಂಗ್ ಪಿನ್ ಸವೆದಿದೆ. ಚಕ್ರವನ್ನು ಅಕ್ಕಪಕ್ಕ ಹಿಡಿದು ಅಲುಗಿಸಿದಾಗ ಮಾತ್ರ ಸಡಿಲವಿದ್ದರೆ ಟೈ ರಾಡಿನ ತುದಿಗಳನ್ನು ನೋಡಬೇಕು. ಎಷ್ಟು ಸರಳ, ಎಷ್ಟು ತರ್ಕಬದ್ಧ!

ಬಳಿಕ ಸೀಮೆಸುಣ್ಣದ ಪರೀಕ್ಷೆ. ಶಾಲೆಯ ಕಪ್ಪುಹಲಗೆಯ ಅದೇ ಸೀಮೆಸುಣ್ಣ. ಒಂದು ಗಟ್ಟಿ ಆಧಾರದ ಮೇಲೆ ಅದನ್ನು ಅಲುಗದಂತೆ ಹಿಡಿದು ಟೈರಿನ ಹೊರಮೈಗೆ ತಾಗುವಷ್ಟು ಹತ್ತಿರ ತಂದು ಚಕ್ರವನ್ನು ಕೈಯಿಂದ ನಿಧಾನ ತಿರುಗಿಸುತ್ತಾರೆ. ಎಲ್ಲೆಡೆ ಒಂದೇ ಸಮ ಗೀರು ಬಿದ್ದರೆ ಚಕ್ರ ದುಂಡಗಿದೆ. ಒಂದೇ ಕಡೆ ಗೀರಿದರೆ ಅಲ್ಲಿ ಉಬ್ಬಿದೆ. ಟೈರಿನ ಪಕ್ಕಕ್ಕೆ ಹಿಡಿದು ತಿರುಗಿಸಿದರೆ ಅಕ್ಕಪಕ್ಕದ ತೂಗಾಟ ತಿಳಿಯುತ್ತದೆ. ಉಬ್ಬುತಗ್ಗು ಸುಮಾರು 3 ಮಿಲಿಮೀಟರ್ ದಾಟಿದರೆ ಹೆದ್ದಾರಿಯಲ್ಲಿ ಅದು ಸುಮ್ಮನಿರುವುದಿಲ್ಲ. ಗೀರು ಬಿದ್ದಲ್ಲಿ ರಿಮ್ಮೂ ಉಬ್ಬಿದೆಯೇ ಎಂದು ಅದೇ ಸೀಮೆಸುಣ್ಣದಿಂದ ನೋಡಿದರೆ ತಪ್ಪು ಟೈರಿನದೋ ರಿಮ್ಮಿನದೋ ಎಂಬುದೂ ಇತ್ಯರ್ಥವಾಗುತ್ತದೆ.

ರಿಪೇರಿಯಲ್ಲಿ ಕ್ರಮ ಮುಖ್ಯ. ತೊಳೆಯುವುದು, ಗಾಳಿಯ ಒತ್ತಡ ನೋಡುವುದು, ನಟ್‌ಗಳನ್ನು ಪರೀಕ್ಷಿಸುವುದು, ಇವು ಖರ್ಚಿಲ್ಲದ ಕೆಲಸಗಳಾದ್ದರಿಂದ ಇವೇ ಮೊದಲು. ಎಷ್ಟೋ ಲಾರಿಗಳ ನಡುಕ ಇಲ್ಲಿಗೇ ನಿಲ್ಲುತ್ತದೆ. ನಂತರ ಟೈರಿನ ಅಂಚಿನ ಬಳಿ ಅಚ್ಚೊತ್ತಿರುವ ಸಣ್ಣ ಗೆರೆಯನ್ನು ನೋಡಬೇಕು. ಅದು ರಿಮ್ಮಿನಿಂದ ಸುತ್ತಲೂ ಒಂದೇ ಅಂತರದಲ್ಲಿರಬೇಕು. ಇಲ್ಲದಿದ್ದರೆ ಗಾಳಿ ಪೂರ್ತಿ ತೆಗೆದು, ಅಂಚಿಗೆ ಸಾಬೂನು ನೀರು ಸವರಿ ಮತ್ತೆ ಕೂರಿಸಬೇಕು. ಕೆಲವೊಮ್ಮೆ ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಹಾಕಿದರೂ ಸಾಕು, ಒಂದರ ಭಾರದ ಬದಿ ಇನ್ನೊಂದರ ಭಾರದ ಬದಿಗೆ ಎದುರಾಗಿ ತಕ್ಕಡಿ ಸಮವಾಗುತ್ತದೆ. ಇಷ್ಟಾದ ಮೇಲೆಯೇ ಬ್ಯಾಲೆನ್ಸಿಂಗ್ ಯಂತ್ರ ಮತ್ತು ಸೀಸದ ತುಂಡು. ಇಲ್ಲಿ ಹೆಚ್ಚಿನವರು ಎಡವುತ್ತಾರೆ: ಎಲ್ಲಕ್ಕಿಂತ ಮೊದಲೇ ಬ್ಯಾಲೆನ್ಸಿಂಗ್ ಮಾಡಿಸುತ್ತಾರೆ. ಮೊಟ್ಟೆಯಾಕಾರದ ಚಕ್ರಕ್ಕೆ ಸೀಸ ಅಂಟಿಸಿ ತೂಕ ಸಮ ಮಾಡಬಹುದು, ದುಂಡಗೆ ಮಾಡಲಾಗದು. ಶಾಕ್ ಅಬ್ಸಾರ್ಬರ್ ಕೆಟ್ಟು ಅಲೆ ಅಲೆಯಾಗಿ ಸವೆದ ಟೈರಿಗೂ ಬ್ಯಾಲೆನ್ಸಿಂಗಿನಿಂದ ಪ್ರಯೋಜನವಿಲ್ಲ. ಮೊದಲು ಶಾಕ್ ಅಬ್ಸಾರ್ಬರ್ ಬದಲಿಸಿ, ಆಮೇಲೆ ಟೈರಿನ ವಿಚಾರ.

ತಂದೆತಾಯಿಗಳು ತಿಳಿಯಬೇಕಾದ ಒಂದು ಸಂಗತಿ ಇದೆ. ಲಾರಿಯ ಹಳೆ ಮಾದರಿಯ ಚಕ್ರದಲ್ಲಿ ಟೈರನ್ನು ಹಿಡಿದಿಡುವುದು ಒಂದು ಕಬ್ಬಿಣದ ರಿಂಗು. ಅದು ಸರಿಯಾಗಿ ಕೂರದೆ ಗಾಳಿ ತುಂಬಿದರೆ ಗುಂಡಿನಂತೆ ಸಿಡಿಯುತ್ತದೆ. ಪಂಕ್ಚರ್ ಅಂಗಡಿಗಳಲ್ಲಿ ಇದರಿಂದ ಜೀವ ಕಳೆದುಕೊಂಡವರಿದ್ದಾರೆ. ಚಕ್ರ ಬಿಚ್ಚುವ ಮೊದಲು ಗಾಳಿ ತೆಗೆಯುವುದು, ಕಬ್ಬಿಣದ ಪಂಜರದೊಳಗಿಟ್ಟು ದೂರ ನಿಂತು ಗಾಳಿ ತುಂಬುವುದು ಕಡ್ಡಾಯವಾಗಬೇಕು. ರಜೆಯಲ್ಲಿ ಗ್ಯಾರೇಜಿನ ಕೆಲಸ ಕಲಿಯಲಿ ಎಂದು ಹುಡುಗನನ್ನು ಕಳಿಸುವವರು ಆ ಪಂಜರ ಅಲ್ಲಿದೆಯೇ ಎಂದು ಮೊದಲು ವಿಚಾರಿಸುವುದು ಒಳಿತು. ಯಂತ್ರದ ಕಡೆ ಒಲವಿರುವ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ನಂತರ ಐ.ಟಿ.ಐ.ನಲ್ಲಿ ದಾರಿಯಿದೆ: ಡೀಸೆಲ್ ಮೆಕ್ಯಾನಿಕ್ ತರಬೇತಿ ಒಂದು ವರ್ಷ, ಮೋಟಾರು ವಾಹನ ಮೆಕ್ಯಾನಿಕ್ ಎರಡು ವರ್ಷ. ಸುತ್ತಿಗೆ ಹಿಡಿಯುವುದನ್ನು ಯಾರೂ ಕಲಿಸಬಲ್ಲರು. ಪ್ರಶ್ನೆ ಕೇಳಿ ದೋಷ ಹುಡುಕುವುದನ್ನು ಕಲಿತವನಿಗೆ ಎಲ್ಲ ಊರಲ್ಲೂ ಬೇಡಿಕೆಯಿದೆ.

ಕೊನೆಯ ಕೆಲಸ ನಟ್ ಬಿಗಿಯುವುದು. ಹಬ್ಬಿನ ಮುಖವನ್ನೂ ರಿಮ್ಮಿನ ಮುಖವನ್ನೂ ಒರೆಸಿ, ನಡುವೆ ಮಣ್ಣು, ತುಕ್ಕು, ದಪ್ಪ ಬಣ್ಣ ಇಲ್ಲದಂತೆ ನೋಡಿಕೊಂಡು, ಒಂದು ನಟ್ ಬಿಗಿದ ಮೇಲೆ ಅದರ ಎದುರಿನದನ್ನು ಬಿಗಿಯುತ್ತಾ ಹೋಗಬೇಕು. ಸಾಲಾಗಿ ಬಿಗಿದರೆ ಚಕ್ರ ಒಂದು ಬದಿಗೆ ವಾಲಿ ಕೂರುತ್ತದೆ, ಮತ್ತೆ ಅದೇ ನಡುಕ. 50ರಿಂದ 100 ಕಿ.ಮೀ. ಓಡಿದ ನಂತರ ನಟ್‌ಗಳು ಕೊಂಚ ಸಡಿಲವಾಗುವುದು ಸಹಜವಾದ್ದರಿಂದ ಇನ್ನೊಮ್ಮೆ ಬಿಗಿಯಬೇಕು. ಮೂಡಿಗೆರೆಯಲ್ಲಿ ಕೆಲಸ ಮುಗಿಸಿ ಬೇಲೂರಿನ ಮೇಲೆ ಹೊರಟ ಲಾರಿಗೆ ಆ ಹೊತ್ತು ಬರುವುದು ಹಾಸನದ ಆಸುಪಾಸಿನಲ್ಲಿ, ನಾಲ್ಕು ಪಥದ ರಸ್ತೆಗೆ ಇಳಿಯುವ ಮುನ್ನ.